ಟೆಕ್ಸಸ್‌ನ ಚಿತ್ತಾರದ ಚರ್ಚುಗಳು: ಒಂದು ದಿನದಲ್ಲಿ ನೋಡಿ ಬರುವುದು ಹೇಗೆ

ಹ್ಯೂಸ್ಟನ್, ಆಸ್ಟಿನ್, ಸ್ಯಾನ್ ಆಂಟೋನಿಯೊ ಕಡೆಯ ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆಗಳು ಇವು. ಊರಿನಿಂದ ಅಪ್ಪ-ಅಮ್ಮ ಬಂದಿದ್ದಾರೆ, ಶೂಲೆನ್‌ಬರ್ಗ್ ಹತ್ತಿರದ ಬಣ್ಣದ ಚರ್ಚುಗಳನ್ನು ತೋರಿಸಬಹುದೇ? ನಮ್ಮನ್ನು ಒಳಗೆ ಬಿಡುತ್ತಾರೆಯೇ? ಟಿಕೆಟ್ ಉಂಟೇ? ಚಪ್ಪಲಿ ಬಿಡಬೇಕೇ? ಹೋಗಿ ಬಂದವರ ದೂರೂ ಬಹುಪಾಲು ಒಂದೇ: "ಬಾಗಿಲು ಹಾಕಿತ್ತು", "ಮದುವೆ ನಡೀತಿತ್ತು", "ಹತ್ತು ನಿಮಿಷದಲ್ಲಿ ಮುಗೀತು, ಅಷ್ಟು ದೂರ ಹೋಗಿದ್ದು ಯಾಕೆ ಅನ್ನಿಸಿತು". ಮೊದಲ ಎರಡಕ್ಕೆ ಪೂರ್ವಸಿದ್ಧತೆ ಸಾಕು. ಮೂರನೆಯದಕ್ಕೆ ಏನನ್ನು ನೋಡಬೇಕು ಎಂದು ಗೊತ್ತಿರಬೇಕು. ಈ ಲೇಖನದ ಹೆಚ್ಚು ಭಾಗ ಅದಕ್ಕೇ ಮೀಸಲು.

ಮೊದಲು ಹಿನ್ನೆಲೆ. 1850ರ ದಶಕದಿಂದ ಮೊರಾವಿಯಾ ಮತ್ತು ಬೊಹೆಮಿಯಾದ ರೈತ ಕುಟುಂಬಗಳು ಗ್ಯಾಲ್ವೆಸ್ಟನ್ ಬಂದರಿನಲ್ಲಿ ಇಳಿದು ಟೆಕ್ಸಸ್‌ನ ಒಳನಾಡಿಗೆ ಬಂದವು. ಇಂದು ಚೆಕ್ ಗಣರಾಜ್ಯದಲ್ಲಿರುವ ಈ ಎರಡೂ ಪ್ರಾಂತ್ಯಗಳು ಆಗ ಆಸ್ಟ್ರಿಯಾ ಸಾಮ್ರಾಜ್ಯಕ್ಕೆ ಸೇರಿದ್ದವು. ಶೂಲೆನ್‌ಬರ್ಗ್ ಇರುವ ಫೇಯೆಟ್ ಕೌಂಟಿಯ ಕಪ್ಪು ಮಣ್ಣಿನಲ್ಲಿ ಹತ್ತಿ ಬೆಳೆದು ನೆಲೆ ನಿಂತ ಮೇಲೆ ಅವರು ಊರಿಗೊಂದು ಚರ್ಚು ಕಟ್ಟಿಕೊಂಡರು. ತಾಯ್ನಾಡಿನ ಚರ್ಚುಗಳಲ್ಲಿ ಕಲ್ಲಿನ ಕಮಾನು, ಅಮೃತಶಿಲೆಯ ಕಂಬ, ಚಿನ್ನದ ಲೇಪ ಇದ್ದವು. ಇಲ್ಲಿ ಸುಲಭವಾಗಿ ಸಿಗುತ್ತಿದ್ದುದು ಮರದ ಹಲಗೆ. ಹಾಗಾಗಿ ಹಲಗೆಯಲ್ಲೇ ಕಮಾನು ಕಟ್ಟಿಸಿ, ಕಲ್ಲು, ಅಮೃತಶಿಲೆ, ಆಕಾಶ, ಬಳ್ಳಿ ಎಲ್ಲವನ್ನೂ ಅದರ ಮೇಲೆ ಬಣ್ಣದಲ್ಲಿ ಬರೆಸಿದರು. ಇಂಥ ಹಲವು ಚರ್ಚುಗಳು 1983ರಲ್ಲಿ ಅಮೆರಿಕದ ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಗೆ ಸೇರಿದವು.

ಒಂದು ವಿಷಯ ಮೊದಲೇ ತಿಳಿದಿರಲಿ: ಬಣ್ಣವೆಲ್ಲ ಇರುವುದು ಒಳಗೆ. ಹೊರಗಿನಿಂದ ಇವು ಬಿಳಿ ಹಲಗೆಯ, ಇಟ್ಟಿಗೆಯ ಅಥವಾ ಕಲ್ಲಿನ ಸಾಧಾರಣ ಹಳ್ಳಿ ಚರ್ಚುಗಳು. ಕಾರಿನಿಂದಲೇ ನೋಡಿ "ಇದಲ್ಲ, ಬೇರೆ ಇರಬೇಕು" ಎಂದು ಮುಂದೆ ಹೋದವರು ಇದ್ದಾರೆ.

1. ದಿನ ಆರಿಸಿಕೊಳ್ಳಿ

ವಾರದ ನಡುವಿನ ದಿನಗಳು, ಅಂದರೆ ಮಂಗಳವಾರದಿಂದ ಗುರುವಾರದವರೆಗೆ, ಎಲ್ಲಕ್ಕಿಂತ ಒಳ್ಳೆಯವು. ರಜೆ ಹಾಕಲು ಆಗದವರು ಶನಿವಾರ ಬೆಳಿಗ್ಗೆ ಹೋಗಬಹುದು. ಶನಿವಾರ ಮಧ್ಯಾಹ್ನದ ಮೇಲೆ ಮದುವೆಗಳು, ಸಂಜೆ ಬಲಿಪೂಜೆ ಇರುವ ಸಂಭವ ಹೆಚ್ಚು. ಬಲಿಪೂಜೆ ಎಂದರೆ ಕ್ಯಾಥೊಲಿಕರ ಸಾಮೂಹಿಕ ಆರಾಧನೆ. ಭಾನುವಾರ ಬೆಳಿಗ್ಗೆ ನೋಡುವುದಕ್ಕೆಂದೇ ಹೋಗಬೇಡಿ. ಇವು ಇಂದಿಗೂ ಜನ ಬಂದು ಪ್ರಾರ್ಥಿಸುವ ಧರ್ಮಕೇಂದ್ರಗಳು. ಪೂಜೆ, ಮದುವೆ, ಶವಸಂಸ್ಕಾರದ ಹೊತ್ತಿನಲ್ಲಿ ಪ್ರವಾಸಿಗರಿಗೆ ಪ್ರವೇಶವಿಲ್ಲ. ಪೂಜೆಯಲ್ಲಿ ಭಾಗವಹಿಸಲು ಹೋಗುವುದಾದರೆ ಯಾರೂ ತಡೆಯುವುದಿಲ್ಲ. ಆಗ ಆರಂಭದಿಂದ ಕೊನೆಯವರೆಗೆ ಕೂತಿರಿ, ಕ್ಯಾಮೆರಾ ಚೀಲದಿಂದ ಹೊರಗೆ ಬರದಿರಲಿ.

ಮಾರ್ಚ್ ಕೊನೆಯಿಂದ ಏಪ್ರಿಲ್ ಮಧ್ಯದವರೆಗೆ ರಸ್ತೆಬದಿಯಲ್ಲಿ ಬ್ಲೂಬಾನೆಟ್ ಹೂವು ತುಂಬಿರುತ್ತದೆ. ವಾರಾಂತ್ಯದ ಜನಸಂದಣಿಯೂ ಆಗಲೇ ಹೆಚ್ಚು. ಜುಲೈ–ಆಗಸ್ಟ್‌ನಲ್ಲಿ ಬಿಸಿಲು 35 ಡಿಗ್ರಿ ದಾಟುವುದು ಮಾಮೂಲು. ವಯಸ್ಸಾದವರು ಜೊತೆಗಿದ್ದರೆ ಅಕ್ಟೋಬರ್‌ನಿಂದ ಮಾರ್ಚ್ ನಡುವೆ ಇಟ್ಟುಕೊಳ್ಳಿ.

ಆಗಸ್ಟ್ 15 ವಿಶೇಷ ದಿನ. ಯೇಸುವಿನ ತಾಯಿ ಮರಿಯಮ್ಮನವರ ಸ್ವರ್ಗಸ್ವೀಕಾರದ ಹಬ್ಬವಾದ ಅಂದು ಪ್ರಾಹಾ ಹಳ್ಳಿಯಲ್ಲಿ ಪ್ರತಿವರ್ಷ ದೊಡ್ಡ ಜಾತ್ರೆ. ಬೇರೆ ಊರು ಸೇರಿದ ಮನೆತನಗಳೆಲ್ಲ ಅಂದು ಹಿಂತಿರುಗುತ್ತವೆ. ಚೆಕ್ ಸಮುದಾಯವನ್ನು ನೋಡಬೇಕು, ಅವರ ವಾದ್ಯ ಕೇಳಬೇಕು ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ದಿನವಿಲ್ಲ. ಚಿತ್ರಗಳನ್ನು ನಿಧಾನವಾಗಿ ನೋಡಬೇಕು ಎನ್ನುವವರಿಗೆ ಇದು ದಿನವೇ ಅಲ್ಲ.

2. ಎರಡು ಕರೆ ಮಾಡಿ

ಮೊದಲನೆಯದು ಶೂಲೆನ್‌ಬರ್ಗ್ ವಾಣಿಜ್ಯ ಮಂಡಳಿಗೆ. ಚರ್ಚುಗಳ ನಕ್ಷೆ ಅಲ್ಲಿ ಸಿಗುತ್ತದೆ. ವಿವರಣೆ ಕೊಡುವ ಸ್ಥಳೀಯ ಮಾರ್ಗದರ್ಶಿ ಬೇಕಿದ್ದರೂ ಅಲ್ಲೇ ಮುಂಚಿತವಾಗಿ ಗೊತ್ತುಮಾಡಬೇಕು, ಅದಕ್ಕೆ ತಲೆಗಿಷ್ಟು ಎಂದು ಶುಲ್ಕ ಉಂಟು. ಐದಾರು ಜನರಿಗಿಂತ ಹೆಚ್ಚಿದ್ದರೆ ಮಾರ್ಗದರ್ಶಿಯನ್ನು ತೆಗೆದುಕೊಳ್ಳುವುದೇ ಮೇಲು: ಯಾವ ಬೆಂಚಿನ ಹತ್ತಿರ ನಿಂತರೆ ಏನು ಕಾಣುತ್ತದೆ ಎಂಬುದು ಅವರಿಗೆ ಗೊತ್ತು. ನಿಮ್ಮಷ್ಟಕ್ಕೆ ನೀವು ಹೋಗುವುದಾದರೆ ಟಿಕೆಟ್ ಇಲ್ಲ.

ಎರಡನೆಯ ಕರೆ ನೀವು ನೋಡಬೇಕೆಂದಿರುವ ಚರ್ಚಿನ ಧರ್ಮಕೇಂದ್ರದ ಕಚೇರಿಗೆ. ಕೇಳಬೇಕಾದ್ದು ಎರಡೇ: ಆ ದಿನ ಮದುವೆ ಅಥವಾ ಶವಸಂಸ್ಕಾರ ಇದೆಯೇ? ದುರಸ್ತಿ ಕೆಲಸ ನಡೆಯುತ್ತಿದೆಯೇ? ಶವಸಂಸ್ಕಾರ ಒಂದೆರಡು ದಿನದ ಮುಂಚೆ ಮಾತ್ರ ನಿಶ್ಚಯವಾಗುವುದರಿಂದ ಈ ಕರೆಯನ್ನು ಹೊರಡುವ ಹಿಂದಿನ ದಿನ ಮಾಡಿ. ವಾರದ ಮುಂಚೆ ಕೇಳಿಕೊಂಡು ನಿಶ್ಚಿಂತರಾದವರಿಗೇ "ಬಾಗಿಲು ಹಾಕಿತ್ತು" ಎನ್ನುವ ಅನುಭವ ಹೆಚ್ಚು.

3. ದಾರಿ ಗುರುತಿಸಿಕೊಳ್ಳಿ

ಶೂಲೆನ್‌ಬರ್ಗ್ ಇರುವುದು ಐ-10 ಹೆದ್ದಾರಿಯ ಮೇಲೆ, ಹ್ಯೂಸ್ಟನ್ ಮತ್ತು ಸ್ಯಾನ್ ಆಂಟೋನಿಯೊ ಎರಡಕ್ಕೂ ಸುಮಾರು 100 ಮೈಲಿ. ಆಸ್ಟಿನ್‌ನಿಂದ ಸುಮಾರು 80 ಮೈಲಿ. ಐ-10ರಲ್ಲಿ 674ನೇ ನಿರ್ಗಮನದಲ್ಲಿ ಇಳಿಯಿರಿ. ಉತ್ತರ-ದಕ್ಷಿಣವಾಗಿ ಹೋಗುವ ಹೆದ್ದಾರಿ 77 ಅಲ್ಲಿ ಸಿಗುತ್ತದೆ.

ಒಂದು ದಿನಕ್ಕೆ ಹೊಂದುವ ನಾಲ್ಕು ಚರ್ಚುಗಳು: ಡುಬಿನಾ, ಅಮನ್ಸ್‌ವಿಲ್, ಹೈ ಹಿಲ್, ಪ್ರಾಹಾ. ಶೂಲೆನ್‌ಬರ್ಗ್‌ನಿಂದ ಹೊರಟು ಇದೇ ಕ್ರಮದಲ್ಲಿ ಹೋದರೆ ಸುತ್ತು ಕಡಿಮೆ, ಎಲ್ಲ ಸೇರಿ ಸುಮಾರು 50 ಮೈಲಿ ಓಡಾಟ. ಡುಬಿನಾ ಮತ್ತು ಅಮನ್ಸ್‌ವಿಲ್ ಎರಡಕ್ಕೂ ಎಫ್‌ಎಂ 1383 ರಸ್ತೆ. ಹೈ ಹಿಲ್‌ಗೆ ಎಫ್‌ಎಂ 2672. ಪ್ರಾಹಾಗೆ ಹೆದ್ದಾರಿ 90ರಲ್ಲಿ ಫ್ಲಟೋನಿಯಾ ಕಡೆಗೆ ಹೋಗಿ, ಆ ಊರು ಇನ್ನೂ ಮೂರು ಮೈಲಿ ಇರುವಾಗ ಎಫ್‌ಎಂ 1295ಕ್ಕೆ ತಿರುಗಬೇಕು. ಎಫ್‌ಎಂ ಎಂದರೆ ಹೊಲದ ಫಸಲು ಮಾರುಕಟ್ಟೆಗೆ ಸಾಗಿಸಲೆಂದು ಟೆಕ್ಸಸ್ ಸರ್ಕಾರ ಮಾಡಿಸಿದ ಹಳ್ಳಿ ರಸ್ತೆ. ಟಾರು ಚೆನ್ನಾಗಿರುತ್ತದೆ, ಆದರೆ ಎರಡೇ ಪಥ, ಬೀದಿದೀಪವಿಲ್ಲ. ಸಂಜೆ ಮೇಲೆ ಜಿಂಕೆಗಳು ಅಡ್ಡ ಬರುತ್ತವೆ.

ಇಲ್ಲಿ ಎಲ್ಲರೂ ಎಡವುವ ಜಾಗವೊಂದಿದೆ. ಫೋನಿನ ನಕ್ಷೆಯಲ್ಲಿ ಬರೀ "ಸೇಂಟ್ ಮೇರಿ ಚರ್ಚ್" ಎಂದು ಹುಡುಕಬೇಡಿ. ಪ್ರಾಹಾದ ಚರ್ಚೂ ಸೇಂಟ್ ಮೇರಿ, ಹೈ ಹಿಲ್‌ನದೂ ಸೇಂಟ್ ಮೇರಿ. ಡುಬಿನಾದ ಸಂತ ಸಿರಿಲ್ ಮತ್ತು ಮೆಥೋಡಿಯಸ್ ಹೆಸರಿನ ಇನ್ನೊಂದು ಚರ್ಚು ಶೈನರ್ ಊರಲ್ಲಿದೆ. ಚರ್ಚಿನ ಹೆಸರಿನ ಜೊತೆ ಹಳ್ಳಿಯ ಹೆಸರನ್ನೂ ಸೇರಿಸಿ ಹುಡುಕಿ, ನಾಲ್ಕೂ ಜಾಗಗಳಿಗೆ ಗುರುತು ಹಾಕಿ, ಆ ಪ್ರದೇಶದ ನಕ್ಷೆಯನ್ನು ಮನೆಯಲ್ಲೇ ಫೋನಿಗೆ ಇಳಿಸಿಕೊಳ್ಳಿ. ದಾರಿಯ ಕೆಲವು ಕಡೆ ಸಿಗ್ನಲ್ ಬಿಟ್ಟುಹೋಗುತ್ತದೆ. ಜೋರು ಮಳೆಯಾದ ದಿನ ತಗ್ಗಿನ ರಸ್ತೆಯ ಮೇಲೆ ನೀರು ಹರಿಯುತ್ತಿದ್ದರೆ, ಆಳ ಎಷ್ಟೇ ಕಡಿಮೆ ಕಂಡರೂ ಗಾಡಿ ಇಳಿಸದೆ ಹಿಂತಿರುಗಿ.

ಸಮಯದ ಲೆಕ್ಕ: ಒಂದು ಚರ್ಚಿಗೆ 40 ನಿಮಿಷ, ಪಕ್ಕದ ಸ್ಮಶಾನವನ್ನೂ ನೋಡುವುದಾದರೆ ಒಂದು ಗಂಟೆ. ಬೆಳಿಗ್ಗೆ 9ಕ್ಕೆ ಶೂಲೆನ್‌ಬರ್ಗ್ ತಲುಪಿದರೆ ನಾಲ್ಕನ್ನೂ ನಿರಾಳವಾಗಿ ನೋಡಿ ಮಧ್ಯಾಹ್ನ 3ಕ್ಕೆ ಮುಗಿಸಬಹುದು. ತಡವಾಗಿ ಹೊರಟವರು ಎರಡನ್ನೇ ನೋಡಿ, ಡುಬಿನಾ ಮತ್ತು ಪ್ರಾಹಾ. ನಾಲ್ಕನ್ನು ಓಡಿ ಓಡಿ ನೋಡಿದರೆ ಮನೆಗೆ ಬರುವಷ್ಟರಲ್ಲಿ ಎಲ್ಲ ಕಲಸಿಹೋಗಿರುತ್ತವೆ.

4. ಜೊತೆಗೆ ಒಯ್ಯಬೇಕಾದ್ದು

- 8 ಪಟ್ಟು ಹಿಗ್ಗಿಸುವ ಚಿಕ್ಕ ಬೈನಾಕ್ಯುಲರ್. ಒಯ್ಯಲೇಬೇಕಾದ ವಸ್ತು ಇದೊಂದೇ. ಚಿತ್ರಗಳು ತಲೆಯ ಮೇಲೆ ಬಲು ಎತ್ತರದಲ್ಲಿವೆ.
- ಒಂದು ಮತ್ತು ಐದು ಡಾಲರಿನ ನೋಟುಗಳು. ಕಾಣಿಕೆ ಡಬ್ಬಿಗೆ ಕಾರ್ಡ್ ನಡೆಯುವುದಿಲ್ಲ.
- ಕುಡಿಯುವ ನೀರು (ಕಾರಿನಲ್ಲಿರಲಿ, ಚರ್ಚಿನೊಳಗೆ ತರಬೇಡಿ).
- ಮುಚ್ಚಿದ ಬೂಟು. ಹುಲ್ಲಿನಲ್ಲಿ ಬೆಂಕಿ ಇರುವೆಯ ಗೂಡುಗಳಿರುತ್ತವೆ. ಚಪ್ಪಲಿ ಹಾಕಿಕೊಂಡು ಸ್ಮಶಾನದಲ್ಲಿ ನಡೆದರೆ ಕಚ್ಚಿಸಿಕೊಳ್ಳುವುದು ಖಂಡಿತ.

ಶೌಚಾಲಯವನ್ನು ಶೂಲೆನ್‌ಬರ್ಗ್‌ನಲ್ಲೇ ಮುಗಿಸಿಕೊಳ್ಳಿ. ಹಳ್ಳಿಗಳಲ್ಲಿ ಅಂಗಡಿಯೂ ಇಲ್ಲ, ಪೆಟ್ರೋಲ್ ಬಂಕೂ ಇಲ್ಲ.

5. ಬಾಗಿಲಲ್ಲಿ ಮತ್ತು ಒಳಗೆ ನಡೆದುಕೊಳ್ಳುವ ಬಗೆ

ಚಪ್ಪಲಿ, ಬೂಟು ಬಿಡುವುದು ಬೇಡ. ಗಂಡಸರು ಟೋಪಿ ತೆಗೆಯಬೇಕು. ಹೆಂಗಸರು ತಲೆಯ ಮೇಲೆ ಸೆರಗು ಹೊದೆಯಬೇಕೆಂಬ ನಿಯಮ ಈಗ ಇಲ್ಲ. ಸೀರೆ, ಚೂಡಿದಾರ್, ಪ್ಯಾಂಟು ಎಲ್ಲ ನಡೆಯುತ್ತವೆ. ತೋಳಿಲ್ಲದ ಬನಿಯನ್, ತುಂಡು ಚಡ್ಡಿ ಬೇಡ.

ಬಾಗಿಲ ಪಕ್ಕ ಪುಟ್ಟ ಬಟ್ಟಲಿನಲ್ಲಿ ನೀರಿರುತ್ತದೆ. ಕ್ಯಾಥೊಲಿಕರು ಅದರಲ್ಲಿ ಬೆರಳದ್ದಿ ಶಿಲುಬೆ ಗುರುತು ಹಾಕಿಕೊಳ್ಳುತ್ತಾರೆ. ಊರಿಂದ ಬಂದ ಹಿರಿಯರು ತೀರ್ಥವೆಂದು ಕೈಗೆ ತೆಗೆದುಕೊಂಡು ಕುಡಿಯಹೋಗುವುದುಂಟು, ಮೊದಲೇ ಹೇಳಿಡಿ. ಕೆಲವು ಚರ್ಚುಗಳಲ್ಲಿ ಮುಂಬಾಗಿಲು ದಾಟಿದ ಮೇಲೆ ಕಬ್ಬಿಣದ ಕಂಬಿಯ ಗೇಟು ಇರಬಹುದು. ಅದು ಹಾಕಿದ್ದರೆ ಅಲ್ಲಿಂದಲೇ ನೋಡಬೇಕು. ತಳ್ಳಿ ನೋಡುವುದು, ಪಕ್ಕದ ಬಾಗಿಲು ಹುಡುಕುವುದು ಬೇಡ. ಬೈನಾಕ್ಯುಲರ್ ಆಗ ಇನ್ನಷ್ಟು ಉಪಯೋಗಕ್ಕೆ ಬರುತ್ತದೆ.

ಎದುರು ತುದಿಯಲ್ಲಿರುವ ಪೀಠದ ಭಾಗ ನೆಲಮಟ್ಟಕ್ಕಿಂತ ಎತ್ತರದಲ್ಲಿರುತ್ತದೆ, ಅದರ ಮುಂದೆ ಅಡ್ಡ ಕಟಕಟೆ ಇರಬಹುದು. ಅದನ್ನು ದಾಟಬಾರದು. ಅಲ್ಲಿ ಒಂದು ಪುಟ್ಟ ದೀಪ ಉರಿಯುತ್ತಿದ್ದರೆ, ಕ್ಯಾಥೊಲಿಕರ ನಂಬಿಕೆಯಲ್ಲಿ ಯೇಸುವಿನ ಸಾನ್ನಿಧ್ಯವಿರುವ ಪರಮಪ್ರಸಾದವನ್ನು ಹತ್ತಿರದ ಪೆಟ್ಟಿಗೆಯಲ್ಲಿ ಇರಿಸಿದ್ದಾರೆ ಎಂದರ್ಥ. ಗರ್ಭಗುಡಿಯ ಹೊಸ್ತಿಲಲ್ಲಿ ಹೇಗಿರುತ್ತೀರೋ ಹಾಗೆ ಇದ್ದರೆ ಸಾಕು.

ಬಲಿಪೂಜೆಗೆ ಕೂತವರಿಗೆ ಒಂದು ಮುಖ್ಯ ಮಾತು. ಕೊನೆಯ ಭಾಗದಲ್ಲಿ ಜನ ಸಾಲಾಗಿ ಹೋಗಿ ಬಿಳಿ ರೊಟ್ಟಿಯ ಬಿಲ್ಲೆ, ಅಂದರೆ ಪರಮಪ್ರಸಾದ, ಸ್ವೀಕರಿಸುತ್ತಾರೆ. ಅದು ಎಲ್ಲರಿಗೂ ಹಂಚುವ ಪ್ರಸಾದವಲ್ಲ, ದೀಕ್ಷೆ ಪಡೆದ ಕ್ಯಾಥೊಲಿಕರಿಗೆ ಮಾತ್ರ. ಸಾಲಿಗೆ ಸೇರದೆ ಬೆಂಚಿನಲ್ಲೇ ಕೂತಿರಿ, ಯಾರೂ ತಪ್ಪು ತಿಳಿಯುವುದಿಲ್ಲ. ನೀವು ತಂದ ಹೂವು, ಕುಂಕುಮ, ಕರ್ಪೂರ, ಊದಿನಕಡ್ಡಿ ಯಾವುದನ್ನೂ ಪ್ರತಿಮೆಗಳ ಮುಂದೆ ಇಡಬೇಡಿ, ಹಚ್ಚಬೇಡಿ. ಮರದ ಕಟ್ಟಡಕ್ಕೆ ಬೆಂಕಿಯ ಭಯ ದೊಡ್ಡದು. ಅಮನ್ಸ್‌ವಿಲ್‌ನ ಹಿಂದಿನ ಚರ್ಚು 1917ರಲ್ಲಿ ಸುಟ್ಟುಹೋದದ್ದೇ.

ಗೋಡೆ, ಕಂಬ ಮುಟ್ಟಬೇಡಿ. "ಇದು ಕಲ್ಲೋ ಮರವೋ" ಎಂದು ಬೆರಳಿಂದ ತಟ್ಟಿ ನೋಡುವ ಆಸೆ ಎಲ್ಲರಿಗೂ ಬರುತ್ತದೆ. ಚರ್ಮದ ಎಣ್ಣೆ ಮತ್ತು ಬೆವರು ಹಳೆಯ ಬಣ್ಣದ ಮೇಲೆ ಕೂತು ಧೂಳನ್ನು ಹಿಡಿಯುತ್ತದೆ. ಕಂಬಗಳು ಕೈಗೆಟಕುವ ಎತ್ತರದಲ್ಲಿ ಬೇಗ ಮಾಸುವುದು ಇದರಿಂದಲೇ.

6. ಕೂತು ನೋಡಿ

ಹತ್ತು ನಿಮಿಷದಲ್ಲಿ ಮುಗಿಸಿದವರು ಸಾಮಾನ್ಯವಾಗಿ ನಡುದಾರಿಯಲ್ಲಿ ನಿಂತು ಒಂದು ಸುತ್ತು ತಲೆಯೆತ್ತಿ ನೋಡಿ, ಫೋಟೊ ತೆಗೆದು ಹೊರಬಂದವರು. ಹಾಗೆ ಮಾಡಬೇಡಿ. ಹಿಂದಿನ ಸಾಲಿನ ಬೆಂಚಿನಲ್ಲಿ ಐದು ನಿಮಿಷ ಸುಮ್ಮನೆ ಕೂರಿ. ಹೊರಗಿನ ಬಿಸಿಲಿನಿಂದ ಬಂದ ಕಣ್ಣಿಗೆ ಒಳಗಿನ ತಿಳಿ ಬಣ್ಣಗಳು ಕಾಣಲು ಅಷ್ಟು ಹೊತ್ತು ಬೇಕು. ಆಮೇಲೆ ಈ ಕ್ರಮದಲ್ಲಿ ನೋಡಿ.

ಮೊದಲು ಹಲಗೆಯ ಗೆರೆ ಹುಡುಕಿ. ಕಮಾನಿನ ಮೇಲೆ ಬೈನಾಕ್ಯುಲರ್ ಇಟ್ಟರೆ ಬಣ್ಣದ ಅಡಿಯಲ್ಲಿ ಸಮಾನಾಂತರವಾದ ಸಣ್ಣ ಗೆರೆಗಳು ಕಾಣುತ್ತವೆ. ಒಂದು ಹಲಗೆಯ ಅಂಚಿನ ನಾಲಿಗೆ ಪಕ್ಕದ ಹಲಗೆಯ ತೋಡಿನಲ್ಲಿ ಕೂರುವಂತೆ ಜೋಡಿಸಿರುವ ಗುರುತು ಅದು. ಅಲ್ಲಿಗೆ ಗೊತ್ತಾಗುತ್ತದೆ, ಕಲ್ಲಿನಂತೆ ಬಾಗಿ ನಿಂತ ಈ ಚಾವಣಿ ಮರದ್ದು. ತೇವದಲ್ಲಿ ಹಲಗೆ ಉಬ್ಬಿ ಬಿಸಿಲಿಗೆ ಕುಗ್ಗುವುದರಿಂದ ಬಣ್ಣ ಮೊದಲು ಬಿರಿಯುವುದು ಈ ಜೋಡಣೆಯ ಗುಂಟ. ಸೂರು ಸೋರಿದ ಕಡೆ ಕಂದು ಅಂಚಿನ ಕಲೆ ಇರುತ್ತದೆ.

ಎರಡನೆಯದಾಗಿ, ಅಚ್ಚಿನ ಕೆಲಸ ಯಾವುದು, ಕೈಬರಹ ಯಾವುದು ಎಂದು ಬೇರೆ ಮಾಡಿ. ಅಂಚುಪಟ್ಟಿ, ಬಳ್ಳಿಸಾಲು, ನಕ್ಷತ್ರಗಳು ಬಹುತೇಕ ಸ್ಟೆನ್ಸಿಲ್ ಕೆಲಸ, ಅಂದರೆ ಎಣ್ಣೆ ಹಿಡಿಸಿದ ಗಟ್ಟಿ ಕಾಗದದಲ್ಲಿ ಚಿತ್ರವನ್ನು ಕೊರೆದು, ಗೋಡೆಗೆ ಒತ್ತಿಹಿಡಿದು, ತುದಿ ಚಪ್ಪಟೆಯಾದ ಕುಂಚದಿಂದ ಬಣ್ಣ ತಟ್ಟುವುದು. ನಮ್ಮ ಮನೆಗಳಲ್ಲಿ ತೂತಿನ ತಟ್ಟೆಯಿಂದ ರಂಗೋಲಿ ಹಾಕುವುದರ ತತ್ವವೇ ಇಲ್ಲಿಯದೂ. ಗುರುತಿಸುವುದು ಸುಲಭ: ಕಾಗದ ಹರಿಯದಿರಲೆಂದು ನಡುನಡುವೆ ಕೊರೆಯದೆ ಬಿಟ್ಟ ಸೇತುವೆಗಳ ಕಾರಣ ಎಲೆಗೂ ತೊಟ್ಟಿಗೂ ನಡುವೆ ಸಣ್ಣ ಖಾಲಿ ಜಾಗ ಉಳಿದಿರುತ್ತದೆ, ಅದೇ ಎಲೆ ಅದೇ ಅಂತರದಲ್ಲಿ ಮರುಕಳಿಸುತ್ತದೆ. ಕೆಲವೊಮ್ಮೆ ಕಲಾವಿದ ಆಮೇಲೆ ಆ ಖಾಲಿ ಜಾಗಗಳನ್ನು ಕೈಯಿಂದ ತುಂಬಿ, ನೆರಳಿನ ಗೆರೆ ಎಳೆದಿರುತ್ತಾನೆ. ಮೂಲೆಗಳನ್ನು ತಪ್ಪದೆ ನೋಡಿ. ಗೋಡೆಯ ಅಳತೆ ಅಚ್ಚಿನ ಅಳತೆಗೆ ಸರಿಯಾಗಿ ಭಾಗವಾಗದಿದ್ದಾಗ ಬಳ್ಳಿಯನ್ನು ಅಲ್ಲಿ ಎಳೆದು ಅಥವಾ ಕುಗ್ಗಿಸಿ ಹೊಂದಿಸಿರುತ್ತಾರೆ. ಕೆಲಸಗಾರನ ಜಾಣ್ಮೆ ಎಲ್ಲಕ್ಕಿಂತ ಚೆನ್ನಾಗಿ ಕಾಣುವುದು ಅಂಥ ಮೂಲೆಗಳಲ್ಲಿ. ಸಂತರು, ದೇವದೂತರ ಮುಖಗಳು ಕೈಯಿಂದ ಬರೆದವು. ಅಲ್ಲಿ ಗೆರೆ ತುಂಡಾಗುವುದಿಲ್ಲ, ಎರಡು ಮುಖ ಒಂದೇ ತೆರ ಇರುವುದಿಲ್ಲ.

ಮೂರನೆಯದು ನಕಲು ಅಮೃತಶಿಲೆ. ಒದ್ದೆ ಬಣ್ಣದ ಮೇಲೆ ಗರಿ ಅಥವಾ ಸಪೂರ ಕುಂಚ ಎಳೆದು ನರಗಳಂಥ ಗೆರೆ ಮೂಡಿಸಿ, ಅಂಚನ್ನು ಮಸುಕು ಮಾಡಿ, ಮೇಲೆ ವಾರ್ನಿಷ್ ಬಳಿಯುತ್ತಾರೆ. ಹೈ ಹಿಲ್‌ನ ಕಂಬಗಳಲ್ಲಿ ಇದನ್ನು ಹತ್ತಿರದಿಂದ ನೋಡಬಹುದು. ನಿಜವಾದ ಕಲ್ಲಿನ ನರ ಕಂಬದ ಒಂದು ಬದಿಯಿಂದ ಇನ್ನೊಂದು ಬದಿಗೆ ತೂರಿಹೋಗಿರುತ್ತದೆ. ಬರೆದ ನರ ಮೇಲ್ಮೈಯಲ್ಲೇ ಕವಲೊಡೆದು ಕರಗುತ್ತದೆ.

ಕೊನೆಗೆ ಚಿಹ್ನೆಗಳು. ಕ್ರೈಸ್ತ ಕಲೆ ಪರಿಚಯವಿಲ್ಲದವರಿಗೆ ಇಷ್ಟು ಗೊತ್ತಿದ್ದರೆ ಚಾವಣಿಯ ಅರ್ಧ ಓದಿದಂತೆ. ಮಲಗಿದ ಅಥವಾ ಧ್ವಜ ಹಿಡಿದ ಕುರಿಮರಿ ಯೇಸು. ಅದರಡಿಯ ಪುಸ್ತಕಕ್ಕೆ ಏಳು ಮುದ್ರೆಗಳಿರುತ್ತವೆ. ತ್ರಿಕೋನದೊಳಗಿನ ಕಣ್ಣು ಎಲ್ಲವನ್ನೂ ನೋಡುವ ದೇವರು. ತನ್ನ ಎದೆ ಕುಕ್ಕಿಕೊಂಡು ಮರಿಗಳಿಗೆ ರಕ್ತ ಉಣಿಸುವ ಪೆಲಿಕನ್ ಹಕ್ಕಿ ತ್ಯಾಗದ ಗುರುತು. ಗೋಧಿ ತೆನೆ ಮತ್ತು ದ್ರಾಕ್ಷಿ ಪರಮಪ್ರಸಾದದ ರೊಟ್ಟಿ ಮತ್ತು ದ್ರಾಕ್ಷಾರಸದ ಗುರುತು. ರೆಕ್ಕೆಯ ಮನುಷ್ಯ, ಸಿಂಹ, ಎತ್ತು, ಹದ್ದು ಎಂದರೆ ಕ್ರಮವಾಗಿ ಮತ್ತಾಯ, ಮಾರ್ಕ, ಲೂಕ, ಯೊವಾನ್ನ ಎಂಬ ನಾಲ್ವರು ಶುಭಸಂದೇಶಕಾರರು. ಎರಡು ಪಕ್ಕದ ಗೋಡೆಗಳಲ್ಲಿ ಏಳು ಏಳರಂತೆ ಹದಿನಾಲ್ಕು ಉಬ್ಬುಚಿತ್ರಗಳಿದ್ದರೆ ಅದು ಶಿಲುಬೆಯ ಹಾದಿ, ಯೇಸುವಿಗೆ ಮರಣದಂಡನೆ ವಿಧಿಸಿದಲ್ಲಿಂದ ಸಮಾಧಿಯವರೆಗಿನ ಕಥೆ.

ಚೆಕ್ ಚರ್ಚು ಎಂದು ಖಚಿತಪಡಿಸುವವರು ಅವರ ನಾಡಿನ ಸಂತರು. ಸಿರಿಲ್ ಮತ್ತು ಮೆಥೋಡಿಯಸ್ ಯಾವಾಗಲೂ ಜೋಡಿ: 863ರಲ್ಲಿ ಮೊರಾವಿಯಾಕ್ಕೆ ಬಂದು ಸ್ಲಾವ್ ಜನರ ನುಡಿಗೆ ಲಿಪಿ ಮತ್ತು ಪೂಜಾವಿಧಿ ಕೊಟ್ಟ ಸಹೋದರರು. ಕೈಯಲ್ಲಿ ಪುಸ್ತಕ ಅಥವಾ ಸುರುಳಿ ಇರುತ್ತದೆ. ಕವಚ ತೊಟ್ಟು ಧ್ವಜ ಹಿಡಿದ ರಾಜಕುಮಾರ ಸಂತ ವಾಟ್ಸ್‌ಲಾವ್. ಸೆರಗಿನಂಥ ವಸ್ತ್ರದ ಹಿರಿಯ ಹೆಂಗಸು ಅವನ ಅಜ್ಜಿ ಲುದ್ಮಿಲಾ. ತಲೆಯ ಸುತ್ತ ಐದು ನಕ್ಷತ್ರಗಳಿರುವ ಪಾದ್ರಿಯನ್ನು ಕಂಡರೆ ಅವನು ನೆಪೊಮುಕ್‌ನ ಯಾನ್, 1393ರಲ್ಲಿ ಪ್ರಾಗ್‌ನ ಸೇತುವೆಯಿಂದ ನದಿಗೆ ಎಸೆಯಲ್ಪಟ್ಟವನು.

ಫೋಟೊಕ್ಕೆ ಸಂಬಂಧಿಸಿ: ಫ್ಲ್ಯಾಶ್ ಬೇಡ, ಅದು ವಾರ್ನಿಷ್ ಮೇಲೆ ಬಿಳಿ ಮಚ್ಚೆಯಾಗಿ ಚಿತ್ರವನ್ನೇ ಕೆಡಿಸುತ್ತದೆ, ಪ್ರಾರ್ಥಿಸುತ್ತಿರುವವರಿಗೂ ತೊಂದರೆ. ಚಾವಣಿಯ ನೇರ ಚಿತ್ರ ಬೇಕಿದ್ದರೆ ನಡುದಾರಿಯ ನೆಲದ ಮೇಲೆ ಫೋನನ್ನು ಮುಂದಿನ ಕ್ಯಾಮೆರಾ ಮೇಲ್ಮುಖವಾಗಿ ಇಟ್ಟು, 10 ಸೆಕೆಂಡಿನ ಟೈಮರ್ ಹಾಕಿ ಪಕ್ಕಕ್ಕೆ ಸರಿಯಿರಿ. ಕೈ ನಡುಗುವ ಸಮಸ್ಯೆಯೂ ಇಲ್ಲ, ಕುತ್ತಿಗೆ ನೋವೂ ಇಲ್ಲ. ಬಣ್ಣದ ಗಾಜಿನ ಕಿಟಕಿ ತೆಗೆಯುವಾಗ ಪರದೆಯಲ್ಲಿ ಗಾಜಿನ ಮೇಲೆ ಬೆರಳೊತ್ತಿ ಬೆಳಕನ್ನು ತಗ್ಗಿಸಿ. ಇಲ್ಲದಿದ್ದರೆ ಬರೀ ಬಿಳಿ ಚೌಕ ಬರುತ್ತದೆ. ಟ್ರೈಪಾಡ್ ಇಡುವುದಾದರೆ ಅನುಮತಿ ಕೇಳಿ.

7. ನಾಲ್ಕು ಚರ್ಚುಗಳಲ್ಲಿ ಎಲ್ಲಿ ಏನು

ಡುಬಿನಾ. 1856ರಲ್ಲಿ ಮೊರಾವಿಯಾದ ಕುಟುಂಬಗಳು ನೆಲೆನಿಂತ ಹಳ್ಳಿ, ಟೆಕ್ಸಸ್‌ನ ಹಳೆಯ ಚೆಕ್ ನೆಲೆಗಳಲ್ಲಿ ಒಂದು. ಹಿಂದಿನ ಚರ್ಚು 1909ರ ಚಂಡಮಾರುತಕ್ಕೆ ಬಿತ್ತು. ಈಗಿನ ಬಿಳಿ ಮರದ ಚರ್ಚಿನ ಶಿಖರದ ಮೇಲಿರುವ ಕಬ್ಬಿಣದ ಶಿಲುಬೆ ಮಾತ್ರ ಹಳೆಯದೇ. ಅದನ್ನು ಮಾಡಿದವನು ಟಾಮ್ ಲೀ, ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನಾಂಗದ ಕಮ್ಮಾರ. ಒಳಗೆ ಹೋಗುವ ಮೊದಲು ಹೊರಗೆ ನಿಂತು ಅದನ್ನು ನೋಡಿ. ಚಾವಣಿ ನೀಲಿ, ತುಂಬ ನಕ್ಷತ್ರ, ಜೊತೆಗೆ ದೇವದೂತರು. ಇಲ್ಲಿನ ಚಿತ್ರಗಳ ಮೇಲೆ 1950ರ ದಶಕದಲ್ಲಿ ಬಣ್ಣ ಬಳಿದು ಮುಚ್ಚಿದ್ದರು. 1980ರ ದಶಕದಲ್ಲಿ ಊರವರೇ ಮುಂದೆ ನಿಂತು ಮತ್ತೆ ಬರೆಸಿದರು. ಹೀಗಾಗಿ ಬಣ್ಣಗಳು ಉಳಿದೆಡೆಗಿಂತ ತಾಜಾ. ಹತ್ತಿರದಲ್ಲಿ 1885ರ ಪಿಯಾನೊ ಸೇತುವೆ ಎಂಬ ಕಬ್ಬಿಣದ ಸೇತುವೆಯಿದೆ. ಒಂದೇ ಗಾಡಿ ಹಿಡಿಸುವ ಅಗಲ, ಎದುರಿನವರಿಗೆ ದಾರಿಬಿಟ್ಟು ದಾಟಿ.

ಅಮನ್ಸ್‌ವಿಲ್. ಸ್ನಾನಿಕ ಯೊವಾನ್ನರ (ಸೇಂಟ್ ಜಾನ್ ದ ಬ್ಯಾಪ್ಟಿಸ್ಟ್) ಚರ್ಚು. ಒಂದು ಗಾಳಿಗೆ, ಇನ್ನೊಂದು ಬೆಂಕಿಗೆ ಹೋದ ಮೇಲೆ 1919ರಲ್ಲಿ ಎದ್ದ ಮೂರನೆಯ ಕಟ್ಟಡ. ಒಳಗೆಲ್ಲ ಗುಲಾಬಿ ಬಣ್ಣ. ಮಕ್ಕಳಿಗೆ ನಾಲ್ಕರಲ್ಲಿ ಇದೇ ಹೆಚ್ಚು ಇಷ್ಟವಾಗುತ್ತದೆ. ಇಲ್ಲಿ ಕಿಟಕಿಗಳ ಗಾಜಿಗೆ ಸಮಯ ಕೊಡಿ, ಅಡಿಯಲ್ಲಿ ದಾನಿಗಳ ಹೆಸರು ಚೆಕ್ ಭಾಷೆಯಲ್ಲಿದೆ.

ಹೈ ಹಿಲ್. ಇದನ್ನೂ ಚೆಕ್ ಚರ್ಚೆಂದು ಹಲವರು ಬರೆಯುತ್ತಾರೆ. ಇಲ್ಲಿನ ಸಮುದಾಯ ಬಹುಪಾಲು ಜರ್ಮನ್ ಮತ್ತು ಆಸ್ಟ್ರಿಯನ್ ಮೂಲದ್ದು. ಲಿಯೊ ಡೀಲ್ಮನ್ ವಿನ್ಯಾಸದ ಕೆಂಪು ಇಟ್ಟಿಗೆ ಕಟ್ಟಡ, 1906ರದು. 1912ರಲ್ಲಿ ಫರ್ಡಿನಾಂಡ್ ಸ್ಟಾಕರ್ಟ್ ಮತ್ತು ಹರ್ಮನ್ ಕೆರ್ನ್ ಒಳಗನ್ನು ಅಲಂಕರಿಸಿದರು. ನಾಲ್ಕರಲ್ಲೂ ಅಲಂಕಾರ ದಟ್ಟವಾಗಿರುವುದು ಇಲ್ಲೇ. ಚೆಕ್ ಚರ್ಚುಗಳ ತಿಳಿ ಬಣ್ಣ ನೋಡಿ ಬಂದ ಕಣ್ಣಿಗೆ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ಇದನ್ನು ಮೂರನೆಯದಾಗಿ ಇಟ್ಟಿರುವುದು ಅದಕ್ಕೇ.

ಪ್ರಾಹಾ. ಚೆಕ್ ರಾಜಧಾನಿಯ ಹೆಸರನ್ನೇ ಇಟ್ಟುಕೊಂಡ ಹಳ್ಳಿ. ಈಗ ಇಲ್ಲಿ ಚರ್ಚನ್ನು ಬಿಟ್ಟರೆ ಹೆಚ್ಚೇನೂ ಉಳಿದಿಲ್ಲ. 1895ರಲ್ಲಿ ಕಟ್ಟಿದ ಕಲ್ಲಿನ ಚರ್ಚು, ಒಳಗೆ ಮರದ ಗಾಥಿಕ್ ಕಮಾನು, ಅಂದರೆ ತುದಿ ಚೂಪಾದ ಕಮಾನು. ಸ್ವಿಟ್ಜರ್ಲೆಂಡ್ ಮೂಲದ ಗಾಟ್‌ಫ್ರೀಡ್ ಫ್ಲೂರಿ ಬರೆದ ಬಳ್ಳಿ, ಎಲೆ, ಹೂವುಗಳು ಚಾವಣಿಯ ಪಕ್ಕೆಲುಬುಗಳ ನಡುವೆ ಹಬ್ಬಿವೆ. ಒಂದೇ ಚರ್ಚು ನೋಡಲು ಸಮಯವಿದೆ ಎನ್ನುವವರಿಗೆ ನಾವು ಹೇಳುವುದು ಇದನ್ನೇ. ಕೈಬರಹ ಮತ್ತು ಅಚ್ಚು ಎರಡನ್ನೂ ಒಟ್ಟಿಗೆ ಹೋಲಿಸಿ ನೋಡಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ.

8. ಸ್ಮಶಾನ ಬಿಡಬೇಡಿ

ಚರ್ಚಿನ ಪಕ್ಕದ ಸ್ಮಶಾನಕ್ಕೆ ಹೋಗಲು ನಮ್ಮವರು ಹಿಂಜರಿಯುವುದು ಸಹಜ. ಇಷ್ಟವಿಲ್ಲದ ಹಿರಿಯರನ್ನು ಒತ್ತಾಯಿಸಬೇಡಿ. ಹೋಗುವವರಿಗೆ ಅಲ್ಲಿ ಊರಿನ ಪೂರ್ತಿ ಚರಿತ್ರೆ ಸಿಗುತ್ತದೆ. ಹಳೆಯ ಕಲ್ಲುಗಳ ಮೇಲೆ "ಜ್ದೆ ಒದ್‌ಪೊಚೀವಾ" ಎಂದಿದ್ದರೆ "ಇಲ್ಲಿ ವಿಶ್ರಮಿಸುತ್ತಿದ್ದಾರೆ" ಎಂದು. "ನರೊಜೆನ್" ಜನನ, "ಜೆಮ್‌ರ್ಜೆಲ್" ಮರಣ. ಹೆಂಗಸರ ಮನೆಹೆಸರು ಸಾಮಾನ್ಯವಾಗಿ "ಓವಾ" ಎಂದು ಕೊನೆಯಾಗುತ್ತದೆ, ಆದ್ದರಿಂದ ಗಂಡ-ಹೆಂಡತಿಯ ಹೆಸರು ಬೇರೆಯಂತೆ ಕಂಡರೂ ಒಂದೇ ಮನೆಯವರು. ಕೆಲವು ಕಲ್ಲುಗಳಲ್ಲಿ ಪಿಂಗಾಣಿಯ ಮೇಲೆ ಅಚ್ಚೊತ್ತಿದ ಭಾವಚಿತ್ರ ಇರುತ್ತದೆ. ಪ್ರಾಹಾದಲ್ಲಿ ಎರಡನೆಯ ಮಹಾಯುದ್ಧದಲ್ಲಿ ಮಡಿದ ಒಂಬತ್ತು ಯುವಕರ ಸಮಾಧಿಗಳಿವೆ. ಇಷ್ಟು ಪುಟ್ಟ ಊರಿಗೆ ಒಂಬತ್ತು ಎಂದರೆ ಎಷ್ಟು ಮನೆಗಳ ದುಃಖ ಎಂದು ಅಲ್ಲಿ ನಿಂತಾಗ ಅರಿವಾಗುತ್ತದೆ. ಸಮಾಧಿಯ ಮೇಲೆ ಕಾಲಿಡದೆ ಸಾಲುಗಳ ನಡುವೆ ನಡೆಯಿರಿ, ಕಲ್ಲಿಗೆ ಒರಗಬೇಡಿ. ಬೇಲಿಯ ಆಚೆಯ ಹುಲ್ಲುಗಾವಲು ಖಾಸಗಿಯದು, ಹೂವಿನ ಫೋಟೊಕ್ಕೆಂದು ದಾಟಬಾರದು.

9. ಊಟ, ಮತ್ತು ಸಮಯ ಉಳಿದರೆ

ಈ ಪ್ರದೇಶದ ತಿಂಡಿ ಕೊಲಾಚಿ: ಮೆತ್ತನೆಯ ಸಿಹಿ ಬನ್ನಿನ ನಡುವೆ ಗುಳಿ ಮಾಡಿ ಹಣ್ಣಿನ ಪಾಕ, ಗಸಗಸೆ ಅಥವಾ ಚೀಸ್ ತುಂಬಿದ್ದು. ಗಸಗಸೆಯದ್ದು ನಮ್ಮವರ ನಾಲಿಗೆಗೆ ಬೇಗ ಹಿಡಿಸುತ್ತದೆ. ಸಸ್ಯಾಹಾರಿಗಳು ಎಚ್ಚರದಿಂದಿರಿ: ಒಳಗೆ ಮಾಂಸದ ಸಾಸೇಜ್ ಇಟ್ಟು ಪೂರ್ತಿ ಮುಚ್ಚಿದ ಬನ್ನನ್ನೂ ಟೆಕ್ಸಸ್‌ನ ಅಂಗಡಿಗಳಲ್ಲಿ ಕೊಲಾಚಿ ಎಂದೇ ಮಾರುತ್ತಾರೆ. ಅದರ ಚೆಕ್ ಹೆಸರು ಕ್ಲೊಬಾಸ್ನೆಕ್. ಮೇಲೆ ಹೂರಣ ಕಾಣುತ್ತಿದ್ದರೆ ಸಿಹಿ, ಮುಚ್ಚಿದ್ದರೆ ಕೇಳಿ. ಹಿಟ್ಟಿಗೆ ಮೊಟ್ಟೆ ಹಾಕುವುದು ವಾಡಿಕೆ, ಕೆಲವೆಡೆ ಹಂದಿಯ ಕೊಬ್ಬೂ ಇರಬಹುದು. ತಿನ್ನದವರು ಅದನ್ನೂ ವಿಚಾರಿಸಿ. ಬೆಳಿಗ್ಗೆಯೇ ಕೊಳ್ಳಿ, ಮಧ್ಯಾಹ್ನದ ಹೊತ್ತಿಗೆ ಒಳ್ಳೆಯವು ಖಾಲಿಯಾಗಿರುತ್ತವೆ. ಪೂರ್ತಿ ಊಟಕ್ಕೆ ಮನೆಯಿಂದ ಬುತ್ತಿ ಕಟ್ಟಿಕೊಂಡು ಹೋಗುವುದೇ ಸುಲಭ. ಅದನ್ನು ಚರ್ಚಿನ ಆವರಣದಲ್ಲಿ ಬಿಚ್ಚದೆ ಊರಿನ ಉದ್ಯಾನದಲ್ಲಿ ತಿನ್ನಿ.

ಇನ್ನೂ ಎರಡು ಗಂಟೆ ಉಳಿದಿದ್ದರೆ ಎರಡು ದಾರಿಗಳಿವೆ. ಆಸ್ಟಿನ್ ಕಡೆಗೆ ಮರಳುವವರು ಹೆದ್ದಾರಿ 77ರಲ್ಲಿ ಉತ್ತರಕ್ಕೆ ಲಾ ಗ್ರೇಂಜ್‌ಗೆ ಹೋಗಿ ಅಲ್ಲಿನ ಟೆಕ್ಸಸ್ ಚೆಕ್ ಪರಂಪರೆ ಮತ್ತು ಸಂಸ್ಕೃತಿ ಕೇಂದ್ರ ನೋಡಬಹುದು. ವಲಸಿಗರ ಮನೆ, ಸಾಮಾನು, ಉಡುಪುಗಳ ಪರಿಚಯ ಅಲ್ಲಿ ಆಗುತ್ತದೆ. ಸ್ಯಾನ್ ಆಂಟೋನಿಯೊ ಕಡೆಯವರಿಗೆ ಪ್ರಾಹಾದಿಂದ ಮುಂದೆ ಶೈನರ್‌ನ 1921ರ ಇಟ್ಟಿಗೆ ಚರ್ಚು ಹತ್ತಿರ. ಹ್ಯೂಸ್ಟನ್‌ನವರು ಇನ್ನೊಂದು ದಿನಕ್ಕೆಂದು ವಾಷಿಂಗ್ಟನ್ ಕೌಂಟಿಯ ವೆಸ್ಲಿ ಹಳ್ಳಿಯ ಬ್ರದರನ್ ಚರ್ಚನ್ನು ಗುರುತಿಟ್ಟುಕೊಳ್ಳಿ. 1866ರ ಈ ಪುಟ್ಟ ಮರದ ಚರ್ಚು ಚೆಕ್ ಪ್ರಾಟೆಸ್ಟಂಟರದು. ಇಲ್ಲಿ ಸಂತರಿಲ್ಲ, ದೇವದೂತರಿಲ್ಲ. ಅದರ ಪಾದ್ರಿಯೇ ಕುಂಚ ಹಿಡಿದು ಹಲಗೆ ಗೋಡೆಯ ಮೇಲೆ ಇಟ್ಟಿಗೆ ಮತ್ತು ಕಂಬಗಳನ್ನು ಬರೆದಿದ್ದಾನೆ. ಒಳಗೆ ನೋಡಬೇಕಿದ್ದರೆ ಅಲ್ಲಿಗೂ ಮುಂಚಿತವಾಗಿ ಕರೆ ಮಾಡಿಯೇ ಹೊರಡಿ.